ಫ್ಲಾರಿಡಾದ ಮೂತಿ ಹುಳು

1910ರ ಮಾರ್ಚ್‌ನಲ್ಲಿ ಅಮೆರಿಕದ ಪ್ರತಿನಿಧಿ ಸಭೆಯ ಕೃಷಿ ಸಮಿತಿ ಒಂದು ವಿಚಿತ್ರ ಮಸೂದೆಯ ವಿಚಾರಣೆಗೆ ಕುಳಿತಿತ್ತು. ಲೂಯಿಸಿಯಾನದ ಸದಸ್ಯ ರಾಬರ್ಟ್ ಬ್ರೂಸಾರ್ಡ್ ಆಫ್ರಿಕಾದಿಂದ ನೀರಾನೆಯಂಥ ಪ್ರಾಣಿಗಳನ್ನು ತರಿಸಲು ಎರಡೂವರೆ ಲಕ್ಷ ಡಾಲರ್ ಕೇಳಿದ್ದರು. ಅವರ ರಾಜ್ಯದ ಹೊಳೆ, ಕಾಲುವೆಗಳನ್ನು ನೇರಳೆ ಹೂವಿನ ಕಳೆಯೊಂದು ಮುಚ್ಚಿಕೊಂಡಿತ್ತು. ದೋಣಿ ಸಾಗುತ್ತಿರಲಿಲ್ಲ, ನೀರಿನೊಳಗೆ ಉಸಿರಿಲ್ಲದೆ ಮೀನು ಸಾಯುತ್ತಿತ್ತು. ದೇಶದಲ್ಲಿ ಮಾಂಸದ ಬೆಲೆಯೂ ಏರಿತ್ತು. ನೀರಾನೆ ಕಳೆ ತಿನ್ನಲಿ, ಜನ ನೀರಾನೆ ತಿನ್ನಲಿ ಎಂಬುದು ಬ್ರೂಸಾರ್ಡರ ಲೆಕ್ಕ. ಪತ್ರಿಕೆಗಳು ನೀರಾನೆಯ ಮಾಂಸಕ್ಕೆ ‘ಕೆರೆ ಹಸುವಿನ ಬೇಕನ್’ ಎಂದು ಹೆಸರನ್ನೂ ಇಟ್ಟವು. ಮಸೂದೆ ಪಾಸಾಗಲಿಲ್ಲ. ಪಾಸಾಗಿದ್ದರೆ ಲೂಯಿಸಿಯಾನದ ಗತಿ ಏನಾಗುತ್ತಿತ್ತೋ, ನೀರಾನೆಯ ಸಿಟ್ಟು ಕಂಡ ಆಫ್ರಿಕಾದ ಬೆಸ್ತರನ್ನೇ ಕೇಳಬೇಕು.

ಆ ಕಳೆಯನ್ನು ನಿಜವಾಗಿ ತಿನ್ನಬಲ್ಲ ಪ್ರಾಣಿ ಫ್ಲಾರಿಡಾದ ನೀರಿಗಿಳಿದದ್ದು 62 ವರ್ಷಗಳ ನಂತರ, 1972ರಲ್ಲಿ. ಅದರ ಉದ್ದ ಸುಮಾರು 5 ಮಿಲಿಮೀಟರ್. ಮತ್ತೆ ಹತ್ತು ವರ್ಷಕ್ಕೆ ಅದು ಬೆಂಗಳೂರಿಗೂ ಬಂತು.

ಕಳೆಯ ಹೆಸರು ನಮ್ಮ ಕಡೆ ಅಂತರಗಂಗೆ. ಕೆಲವರು ಸುಮ್ಮನೆ ಜಲಕಳೆ ಎನ್ನುತ್ತಾರೆ. ಉಬ್ಬಿದ ತೊಟ್ಟು, ಹೊಳೆಯುವ ದುಂಡನೆಯ ಎಲೆ, ಕಪ್ಪು ಜಟೆಯಂಥ ಬೇರು, ಮೇಲೆ ನೇರಳೆ ಹೂವಿನ ಗೊಂಚಲು. ಇದರ ತವರು ದಕ್ಷಿಣ ಅಮೆರಿಕದ ನದೀಬಯಲುಗಳು. ಅಲ್ಲಿಂದ ಇದನ್ನು ಹೊರಗೆ ತಂದದ್ದು ಆ ಹೂವಿನ ಚೆಲುವು. 1884ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ನಡೆದ ಹತ್ತಿ ಪ್ರದರ್ಶನಕ್ಕೆ ಬಂದವರು ಗಿಡವನ್ನು ಮನೆಗೆ ಒಯ್ದರಂತೆ. 1890ರ ಸುಮಾರಿಗೆ ಫ್ಲಾರಿಡಾದ ಸೇಂಟ್ ಜಾನ್ಸ್ ನದಿ ದಂಡೆಯ ಮನೆಯೊಂದರ ಕೊಳದಿಂದ ಅದು ನದಿಗೆ ಸೇರಿತು. ಅನುಕೂಲ ಹವೆಯಲ್ಲಿ ಎರಡು ವಾರಕ್ಕೊಮ್ಮೆ ತನ್ನ ವಿಸ್ತಾರವನ್ನು ದುಪ್ಪಟ್ಟು ಮಾಡಿಕೊಳ್ಳಬಲ್ಲ ಗಿಡ ಅದು. 1899ರಲ್ಲೇ ಅಮೆರಿಕದ ಸೇನೆಯ ಎಂಜಿನಿಯರುಗಳಿಗೆ ಅದನ್ನು ಕೀಳುವ ಕೆಲಸ ಒಪ್ಪಿಸಿದರು. ಅವರು ಕೊಚ್ಚಿ ನೋಡಿದರು, ಆರ್ಸೆನಿಕ್ ಸಿಂಪಡಿಸಿ ನೋಡಿದರು. ದನಕರುಗಳಿಗೆ ವಿಷವಾಗುತ್ತದೆಂದು ಫ್ಲಾರಿಡಾದಲ್ಲಿ ಆ ಸಿಂಪರಣೆ ನಿಲ್ಲಿಸಬೇಕಾಯಿತು. ನೀರಾನೆಯ ಮಸೂದೆ ಹುಟ್ಟಿದ್ದು ಇಂಥ ಹತಾಶೆಯಲ್ಲಿ.

ಭಾರತಕ್ಕೂ ಗಿಡ ಬಂದದ್ದು ಅಲಂಕಾರಕ್ಕೆಂದೇ, 19ನೆಯ ಶತಮಾನದ ಕೊನೆಯಲ್ಲಿ, ಬಂಗಾಳದ ಮೂಲಕ. ಇಪ್ಪತ್ತೈದು ವರ್ಷ ಕಳೆಯುವುದರೊಳಗೆ ಪೂರ್ವ ಬಂಗಾಳದ ಭತ್ತದ ಗದ್ದೆ, ಸೆಣಬಿನ ಹೊಳೆ, ಮೀನಿನ ಕೊಳ ಎಲ್ಲವೂ ಅದರ ಪಾಲಾದವು. 1921ರಲ್ಲಿ ಸರ್ಕಾರ ಒಂದು ಸಮಿತಿ ನೇಮಿಸಿತು. ಅಧ್ಯಕ್ಷರು ಜಗದೀಶಚಂದ್ರ ಬೋಸ್. ಸಸ್ಯಕ್ಕೂ ಸಂವೇದನೆಯಿದೆ ಎಂದು ಜಗತ್ತಿಗೆ ತೋರಿಸಿದ ವಿಜ್ಞಾನಿಗೆ ಒಂದು ಸಸ್ಯದ ಸಂಹಾರದ ಹೊಣೆ ಬಿತ್ತು. 1936ರಲ್ಲಿ ಬಂಗಾಳ ಈ ಕಳೆಗೆಂದೇ ಕಾನೂನು ಮಾಡಿತು. 1937ರ ಚುನಾವಣೆಯಲ್ಲಿ ಕಳೆ ಕೀಳುವುದು ಪಕ್ಷಗಳ ಆಶ್ವಾಸನೆಯಾಯಿತು. ಗೆದ್ದ ಫಜ್ಲುಲ್ ಹಕ್ ಸರ್ಕಾರ 1939ರಲ್ಲಿ ಜನರನ್ನು ಸೇರಿಸಿ ಕಳೆ ಕೀಳುವ ಸಪ್ತಾಹ ನಡೆಸಿತು. ಕಿತ್ತದ್ದನ್ನು ದಡಕ್ಕೆ ಎಳೆದು ಗುಡ್ಡೆ ಹಾಕಿದರು. ಮುಂದಿನ ಮಳೆಗಾಲಕ್ಕೆ ಅದು ಮತ್ತೆ ನೀರಲ್ಲಿತ್ತು.

ಕಳೆಯ ಕಥೆಯಲ್ಲಿ ಬೆಂಗಳೂರಿನ ಪ್ರವೇಶ ಸ್ವಲ್ಪ ತಡವಾಗಿ, ಸ್ವಲ್ಪ ಅನಿರೀಕ್ಷಿತವಾಗಿ ಆಗುತ್ತದೆ. 1957ರಲ್ಲಿ ಕಾಮನ್‌ವೆಲ್ತ್ ಜೈವಿಕ ನಿಯಂತ್ರಣ ಸಂಸ್ಥೆ ತನ್ನ ಭಾರತೀಯ ಕೇಂದ್ರವನ್ನು ಬೆಂಗಳೂರಿನಲ್ಲಿ ತೆರೆಯಿತು. ವಿ. ಪಿ. ರಾವ್ ಅದನ್ನು ಕಟ್ಟಿ ಬೆಳೆಸಿದವರು. ಹುಳವನ್ನು ಹುಳದಿಂದ, ಕಳೆಯನ್ನು ಹುಳದಿಂದ ಅಡಗಿಸುವುದು ಅಲ್ಲಿನ ಕಸುಬು. ಕನ್ನಡನಾಡಿಗೆ ಈ ಕಸುಬು ಪೂರಾ ಹೊಸದೇನಲ್ಲ. 1898ರಲ್ಲೇ ಕಾಫಿ ಗಿಡದ ಹಸಿರು ಶಲ್ಕ ಕೀಟವನ್ನು ತಿನ್ನಲೆಂದು ಆಸ್ಟ್ರೇಲಿಯಾದಿಂದ ಒಂದು ಗುಲಗಂಜಿ ಹುಳುವನ್ನು ತರಿಸಿದ್ದರು. ಅದು ಹೇಳಿದ ಕೆಲಸ ಬಿಟ್ಟು ಹಿಟ್ಟು ತಿಗಣೆಯನ್ನು ತಿನ್ನತೊಡಗಿತು. ಇವತ್ತು ದ್ರಾಕ್ಷಿ, ದಾಳಿಂಬೆ, ಕಾಫಿ ಬೆಳೆಗಾರರು ಹಿಟ್ಟು ತಿಗಣೆಗೆ ಬಿಡುವುದು ಆ ಹುಳುವನ್ನೇ.

1960ರ ದಶಕದಲ್ಲಿ ಬೆಂಗಳೂರಿನ ಕೇಂದ್ರಕ್ಕೆ ಅಮೆರಿಕದ ದುಡ್ಡಿನಲ್ಲಿ ಒಂದು ಕೆಲಸ ಬಂತು: ಫ್ಲಾರಿಡಾದ ಜಲಮಾರ್ಗಗಳನ್ನು ಕಾಡುತ್ತಿರುವ ಕಳೆಗಳಿಗೆ ಭಾರತದಲ್ಲಿ ಶತ್ರು ಕೀಟ ಸಿಗುತ್ತದೆಯೇ ಹುಡುಕಿ ಕೊಡಿ. ದುಡ್ಡು ಪಿ.ಎಲ್. 480 ಲೆಕ್ಕದ್ದು. ಅಮೆರಿಕ ಭಾರತಕ್ಕೆ ಗೋಧಿ ಮಾರಿ, ಬೆಲೆಯನ್ನು ರೂಪಾಯಿಯಲ್ಲೇ ಪಡೆದು, ಅದರ ಒಂದಷ್ಟನ್ನು ಇಲ್ಲೇ ಸಂಶೋಧನೆಗೆ ಖರ್ಚು ಮಾಡುತ್ತಿದ್ದ ಏರ್ಪಾಟು ಅದು. ಪಡಿತರ ಅಂಗಡಿಯ ಕೆಂಪು ಗೋಧಿ ತಿಂದ ತಲೆಮಾರಿಗೆ ಆ ಸಂಖ್ಯೆ ಬಾಯಿಪಾಠ. ಅದರ ರೂಪಾಯಿಯಲ್ಲಿ ಟಿ. ಶಂಕರನ್ ಮತ್ತು ಸಂಗಡಿಗರು ಭಾರತದ ಕೆರೆ, ಕೊಳ್ಳಗಳಲ್ಲಿ ಹುಳು ಹುಡುಕಿದರು. ಅಂತರಗಂಗೆಯ ಎಲೆ ಮೇಯುವ ಒಂದು ಮಿಡತೆ ಸಿಕ್ಕಿತು. 1966ರಲ್ಲಿ ಅದರ ಬಗ್ಗೆ ಬರೆದರು. ಆದರೆ ಕಳೆಯನ್ನು ಮಟ್ಟ ಹಾಕುವ ತಾಕತ್ತು ಆ ಮಿಡತೆಗಿರಲಿಲ್ಲ.

ಕಾರಣ ಊಹಿಸುವುದು ಕಷ್ಟವಲ್ಲ. ಪರದೇಶಕ್ಕೆ ಬಂದ ಗಿಡ ತನ್ನ ವೈರಿಗಳನ್ನು ತವರಲ್ಲೇ ಬಿಟ್ಟು ಬಂದಿರುತ್ತದೆ. ಅದು ಇಲ್ಲಿ ಮಿತಿಮೀರಿ ಬೆಳೆಯಲು ಅದೂ ಒಂದು ಮುಖ್ಯ ಕಾರಣ. ವೈರಿ ಬೇಕಿದ್ದರೆ ತವರಿಗೇ ಹೋಗಬೇಕು.

ಹಾಗೆ ಹೋದವರು ಅರ್ಜೆಂಟೀನಾ, ಉರುಗ್ವೆ, ಟ್ರಿನಿಡಾಡ್‌ಗಳಲ್ಲಿ ವರ್ಷಗಟ್ಟಲೆ ದುಡಿದರು. ಬ್ಯೂನಸ್ ಐರಿಸ್ ಪಕ್ಕದ ಹರ್ಲಿಂಗಂ ಊರಿನಲ್ಲಿ ಅಮೆರಿಕದ ಕೃಷಿ ಇಲಾಖೆ 1962ರಲ್ಲೇ ಒಂದು ಪ್ರಯೋಗಾಲಯ ತೆರೆದಿತ್ತು. ಡೇವಿಡ್ ಪರ್ಕಿನ್ಸ್ ಮೊದಲಾದವರು ಅಲ್ಲಿ ಎರಡು ಜಾತಿಯ ಮೂತಿ ಹುಳುಗಳನ್ನು ಆರಿಸಿಕೊಂಡರು. ನಿಯೋಚೆಟಿನಾ ಬ್ರೂಕಿಗೆ 1926ರಿಂದಲೇ ಹೆಸರಿತ್ತು. ಇನ್ನೊಂದಕ್ಕೆ ಹೆಸರೇ ಇರಲಿಲ್ಲ. ಅಮೆರಿಕದ ಕೀಟತಜ್ಞೆ ರೋಸ್ ಎಲ್ಲಾ ವಾರ್ನರ್ 1970ರಲ್ಲಿ ಅದಕ್ಕೆ ನಿಯೋಚೆಟಿನಾ ಐಕಾರ್ನಿಯೆ ಎಂದು ನಾಮಕರಣ ಮಾಡಿದರು. ಎರಡೂ ಒಂದೇ ಅಳತೆ, ಒಂದೇ ಬೂದು-ಕಂದು ಬಣ್ಣ. ಬೆನ್ನಿನ ಗುರುತು ಮಾತ್ರ ಬೇರೆ. ಒಂದಕ್ಕೆ ಎರಡು ಸಮಾನಾಂತರ ಕಪ್ಪು ಗೆರೆ, ಇನ್ನೊಂದಕ್ಕೆ ಅಡ್ಡಕ್ಕೆ ತೆಳು ಬಣ್ಣದ ಪಟ್ಟಿ.

ಈ ಹುಳುವಿನ ಬದುಕು ಗಮನಿಸುವಂಥದ್ದು. ಹಗಲು ಬುಡದ ಸುಳಿಯಲ್ಲಿ ಅಡಗಿದ್ದು ರಾತ್ರಿ ಮೇಲೆ ಬಂದು ಎಲೆಯ ಹೊರಪೊರೆಯನ್ನು ಕೆರೆದು ತಿನ್ನುತ್ತದೆ. ಎಲೆಯ ಮೇಲೆ ಎರಡು-ಮೂರು ಮಿಲಿಮೀಟರಿನ ದುಂಡು ಕಲೆ ಉಳಿಯುತ್ತದೆ. ಹೆಣ್ಣು ತೊಟ್ಟಿನೊಳಗೆ ಮೊಟ್ಟೆಯಿಡುತ್ತದೆ. ಮರಿಹುಳು ತೊಟ್ಟನ್ನು ಕೊರೆಯುತ್ತ ಕೆಳಗಿಳಿದು ಗಿಡದ ಗಡ್ಡೆ ಸೇರುತ್ತದೆ. ಹೊಸ ಚಿಗುರು ಹುಟ್ಟುವ ಜಾಗವೇ ಅದು. ಕೊನೆಗೆ ನೀರೊಳಗಿಳಿದು, ಗಿಡದ ಕೂದಲಂಥ ಬೇರುಗಳನ್ನೇ ಕತ್ತರಿಸಿ ಗೂಡು ಹೆಣೆದುಕೊಂಡು ಕೋಶಾವಸ್ಥೆಗೆ ಹೋಗುತ್ತದೆ. ನೀರಲ್ಲಿ ಮುಳುಗಿದ ಕೋಶಕ್ಕೆ ಗಾಳಿ ಸಿಗುವುದು ಆ ಜೀವಂತ ಬೇರಿನಿಂದ. ಬೇರು ಸತ್ತರೆ, ಗಿಡವನ್ನು ಕಿತ್ತು ದಡಕ್ಕೆ ಹಾಕಿದರೆ, ಒಳಗಿನ ಹುಳುವೂ ಸತ್ತಂತೆ. ಈ ಒಂದು ಸಂಗತಿ ಮುಂದೆ ಬೆಂಗಳೂರಿನ ಕೆರೆಗಳಲ್ಲೂ ನಾಶಿಕದ ಗೋದಾವರಿಯಲ್ಲೂ ಎದುರಾಗುತ್ತದೆ. ಮೊಟ್ಟೆಯಿಂದ ದುಂಬಿಯಾಗಲು ಇದಕ್ಕೆ ಮೂರು-ನಾಲ್ಕು ತಿಂಗಳು ಬೇಕು. ಅವಸರದ ಪ್ರಾಣಿಯಲ್ಲ.

ಫ್ಲಾರಿಡಾದಲ್ಲಿ ಐಕಾರ್ನಿಯೆ ಜಾತಿಯನ್ನು 1972ರಲ್ಲೂ ಬ್ರೂಕಿಯನ್ನು 1974ರಲ್ಲೂ ಬಿಟ್ಟರು. ಅಲ್ಲಿ ನೆಲೆಯೂರಿದ ಸಂತಾನದಿಂದಲೇ 1982ರಲ್ಲಿ ಒಂದು ಪಾಲು ಬೆಂಗಳೂರಿಗೆ ಬಂತು. ಹುಟ್ಟು ಅರ್ಜೆಂಟೀನಾದ್ದಾದರೂ ನಮ್ಮ ಪಾಲಿಗೆ ಅದು ಅಮೆರಿಕದ ಹುಳುವೇ. ಫ್ಲಾರಿಡಾದ ಕಳೆಗೆ ಬೆಂಗಳೂರಿನಲ್ಲಿ ಮದ್ದು ಹುಡುಕಿದ ಇಪ್ಪತ್ತು ವರ್ಷಕ್ಕೆ ಬೆಂಗಳೂರಿನ ಕಳೆಗೆ ಫ್ಲಾರಿಡಾದಿಂದ ಮದ್ದು ಬಂದಿತ್ತು.

ಬಂದ ತಕ್ಷಣ ಕೆರೆಗೆ ಸುರಿಯುವಂತಿರಲಿಲ್ಲ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಹುಳುಗಳನ್ನು ಬಂದೋಬಸ್ತಿನಲ್ಲಿಟ್ಟು ಪರೀಕ್ಷೆ ನಡೆಸಿದರು. ಕೆ. ಪಿ. ಜಯಂತ್ ಮತ್ತು ಸುಧಾ ನಾಗರಕಟ್ಟಿ ಈ ಕೆಲಸದಲ್ಲಿ ಮುಂದಿದ್ದವರು. ಪರೀಕ್ಷೆಯ ನಿಯಮ ಕಠೋರ. ಹುಳುವಿನ ಮುಂದೆ ಬೆಳೆಗಳನ್ನೂ ತೋಟದ ಗಿಡಗಳನ್ನೂ ಒಂದೊಂದಾಗಿ ಇಡುತ್ತಾರೆ. ಹಸಿದು ಸಾಯುವ ಹೊತ್ತು ಬಂದರೂ ಅದು ಅವುಗಳ ಮೇಲೆ ಸಂತಾನ ಬೆಳೆಸಕೂಡದು. ಹುಳು ಪಾಸಾಯಿತು. 1983-84ರಲ್ಲಿ ಬೆಂಗಳೂರಿನ ಸುತ್ತಲ ಕೆರೆಗಳಿಗೆ ಬಿಡುಗಡೆ ಶುರುವಾಯಿತು.

ಮೊದಲ ವರ್ಷ ದಡದಲ್ಲಿ ನಿಂತವರಿಗೆ ಏನೂ ಕಾಣುವುದಿಲ್ಲ. ಎಲೆಯ ಮೇಲೆ ಕಲೆ ಹೆಚ್ಚುತ್ತದೆ, ಅಷ್ಟೆ. ಎರಡನೆಯ ವರ್ಷ ಗಿಡ ಕುಳ್ಳಾಗುತ್ತದೆ, ಹೂ ಕಡಿಮೆಯಾಗುತ್ತದೆ, ಅಂಚು ಕಂದುಗಟ್ಟುತ್ತದೆ. ಆಮೇಲೆ ಕೊರೆದ ತೊಟ್ಟುಗಳಿಗೆ ನೀರು ನುಗ್ಗಿ, ಕೊಳೆತು, ಚಾಪೆಯಂತೆ ಹೆಣೆದುಕೊಂಡಿದ್ದ ಕಳೆ ಹರಿದು ತಳ ಸೇರುತ್ತದೆ. ಬೆಂಗಳೂರಿನ ಅಂಚಿನ, ಸುಮಾರು 20 ಹೆಕ್ಟೇರಿನ ಒಂದು ಕೆರೆಯಲ್ಲಿ ಮೂರು ವರ್ಷ ತುಂಬುವ ಮೊದಲೇ ಕಳೆಯ ಬಹುಪಾಲು ಹೀಗೆ ಮುಳುಗಿತು. ಜಯಂತ್ 1988ರಲ್ಲಿ ಅದನ್ನು ಪ್ರಕಟಿಸಿದರು. ಹುಳುಗಳು ಅಲ್ಲಿಂದ ಬೇರೆ ರಾಜ್ಯಗಳಿಗೆ ಹೋದವು. ಮಣಿಪುರದ ಲೋಕ್ತಕ್ ಸರೋವರದಲ್ಲೂ ಅವು ಕೆಲಸ ಮಾಡಿ ತೋರಿಸಿದವು.

ಅದೇ ವರ್ಷಗಳಲ್ಲಿ, ಅದೇ ಸಂಸ್ಥೆಯಲ್ಲಿ, ಇನ್ನೊಂದು ಜಲದುಂಬಿಯ ಕಥೆ ನಡೆಯಿತು. ಯಶಸ್ಸಿನ ಲೆಕ್ಕದಲ್ಲಿ ನೋಡಿದರೆ ಅದೇ ಹಿರಿಯಣ್ಣ. ಕಳೆ ಸಾಲ್ವೀನಿಯಾ, ನೀರಿನ ಮೇಲೆ ತೇಲುವ ಜರೀಗಿಡ. ಕೇರಳದಲ್ಲಿ ಆಫ್ರಿಕನ್ ಪಾಯಲ್ ಎಂದು ಕುಖ್ಯಾತ. ಕುಟ್ಟನಾಡಿನ ಗದ್ದೆ, ತೋಡುಗಳೆಲ್ಲ ಅದರಿಂದ ತುಂಬಿ, ಭತ್ತ ನಾಟಿಗೆ ಮುಂಚೆ ಕೂಲಿಯಾಳು ಹಚ್ಚಿ ಎತ್ತಿಸಬೇಕಿತ್ತು. ಜಗತ್ತಿನಾದ್ಯಂತ ಅದರ ಮೇಲೆ ಬಿಟ್ಟ ಹುಳುಗಳೆಲ್ಲ ಸೋತಿದ್ದವು. ಆಫ್ರಿಕಾದಲ್ಲಿ ಮೂತಿ ಹುಳು ಸೋತಿತು, 1970ರ ದಶಕದಲ್ಲಿ ಕೇರಳಕ್ಕೆ ತಂದ ಮಿಡತೆಯೂ ಗೆಲ್ಲಲಿಲ್ಲ.

ತಪ್ಪು ಹುಳುವಿನದಾಗಿರಲಿಲ್ಲ, ಗಿಡದ ವಿಳಾಸದ್ದು. ಎಲ್ಲರೂ ಅದನ್ನು ಸಾಲ್ವೀನಿಯಾ ಆರಿಕ್ಯುಲೇಟಾ ಎಂದು ತಿಳಿದು, ಆ ಜಾತಿ ಬೆಳೆಯುವ ಕಡೆ ಹೋಗಿ ಹುಳು ತರುತ್ತಿದ್ದರು. 1972ರಲ್ಲಿ ಡಿ. ಎಸ್. ಮಿಚೆಲ್, ಇದು ಬೇರೆಯೇ ಜಾತಿ ಎಂದು ತೋರಿಸಿ ಸಾಲ್ವೀನಿಯಾ ಮೊಲೆಸ್ಟಾ ಎಂದು ಹೆಸರಿಟ್ಟರು. 1978ರಲ್ಲಿ ಆಸ್ಟ್ರೇಲಿಯಾದ ವೆಂಡಿ ಫಾರ್ನೊ ಬ್ರೆಜಿಲ್ಲಿನ ಆಗ್ನೇಯ ಮೂಲೆಯಲ್ಲಿ ಅದರ ನಿಜವಾದ ತವರನ್ನು ಪತ್ತೆ ಮಾಡಿದರು. ಅಲ್ಲಿ ಅದನ್ನು ತಿನ್ನುತ್ತಿದ್ದ ಮೂತಿ ಹುಳು ನೋಡಲು ಆಫ್ರಿಕಾದಲ್ಲಿ ಸೋತ ಹುಳುವಿನ ಹಾಗೇ ಇತ್ತು. ಆಸ್ಟ್ರೇಲಿಯಾದ ಮೌಂಟ್ ಐಸಾ ಬಳಿಯ ಮೂಂಡರಾ ಸರೋವರದಲ್ಲಿ 1980ರಲ್ಲಿ ಬಿಟ್ಟಾಗ ಒಂದೂಕಾಲು ವರ್ಷದೊಳಗೆ ಸಾವಿರಾರು ಟನ್ ಕಳೆಯನ್ನು ಮುಗಿಸಿತು. ಗಾಬರಿಯಾದ ವಿಜ್ಞಾನಿಗಳು ಮತ್ತೆ ಸೂಕ್ಷ್ಮದರ್ಶಕದಡಿ ನೋಡಿದರು. ಹುಳುವೂ ಬೇರೆ ಜಾತಿ! 1985ರಲ್ಲಿ ಅದಕ್ಕೆ ಸಿರ್ಟೊಬೇಗಸ್ ಸಾಲ್ವೀನಿಯೆ ಎಂದು ಹೆಸರಾಯಿತು.

ಹೆಸರು ಬರುವ ಮುಂಚೆಯೇ, 1982ರಲ್ಲಿ, ಅದು ಆಸ್ಟ್ರೇಲಿಯಾದಿಂದ ಬೆಂಗಳೂರಿಗೆ ಬಂದಿತ್ತು. ಜಯಂತ್ ಅದನ್ನು ಬೆಂಗಳೂರಿನ ಒಂದು ನೈದಿಲೆ ಕೊಳದಲ್ಲಿ ಬಿಟ್ಟರು. ಹನ್ನೊಂದು ತಿಂಗಳಿಗೆ ಕೊಳ ಸ್ವಚ್ಛವಾಯಿತು, ಕಳೆಯಡಿ ಉಸಿರುಗಟ್ಟಿದ್ದ ನೈದಿಲೆ ಮತ್ತೆ ಚಿಗುರಿತು. ಅಲ್ಲಿಂದ ತ್ರಿಶ್ಶೂರಿನ ಕೇರಳ ಕೃಷಿ ವಿಶ್ವವಿದ್ಯಾಲಯಕ್ಕೆ ಹೋದ ಹುಳು, ಪಿ. ಜೆ. ಜಾಯ್ ಮತ್ತಿತರರ ಕೈಯಲ್ಲಿ ಕುಟ್ಟನಾಡಿಗೆ ಇಳಿಯಿತು. ಕೆಲವೇ ವರ್ಷಗಳಲ್ಲಿ ತೋಡುಗಳಲ್ಲಿ ದೋಣಿಗಳು ಓಡಾಡಿದವು. ಬೆಂಗಳೂರಿನ ಒಂದು ಕೊಳದ ಪ್ರಯೋಗಕ್ಕೆ ಇಷ್ಟು ದೊಡ್ಡ ಫಲ ಸಿಕ್ಕ ಉದಾಹರಣೆ ಹೆಚ್ಚಿಲ್ಲ. ಅದು ಬೆಂಗಳೂರಿಗರಿಗೆ ಗೊತ್ತಿಲ್ಲ ಎಂಬುದು ಬೇರೆ ಮಾತು.

ಇಲ್ಲಿಂದಲೂ ಹುಳು ಹೋದದ್ದುಂಟು. ಫ್ಲಾರಿಡಾದ ಸರೋವರಗಳಲ್ಲಿ ಹೈಡ್ರಿಲ್ಲಾ ಎಂಬ ನೀರೊಳಗಿನ ಕಳೆ ತುಂಬಿಕೊಂಡಾಗ, ಅಮೆರಿಕದವರು ಹುಳು ಹುಡುಕಿಕೊಂಡು ಭಾರತ ಮತ್ತು ಪಾಕಿಸ್ತಾನಕ್ಕೆ ಬಂದರು. ನಮ್ಮ ಕೆರೆಗಳಲ್ಲಿ ಹೈಡ್ರಿಲ್ಲಾ ಬಹಳ ಹಿಂದಿನಿಂದ ಇರುವಂಥದ್ದು. ಕೆರೆ ಬತ್ತಿದಾಗ ಕೆಸರಿನಲ್ಲಿ ಉಳಿಯುವ ಅದರ ಗಡ್ಡೆಯನ್ನು ತಿನ್ನುವ ಬೇಗಸ್ ಅಫಿನಿಸ್ ಎಂಬ ಮೂತಿ ಹುಳುವನ್ನು ಒಯ್ದು 1987ರಲ್ಲಿ ಫ್ಲಾರಿಡಾದಲ್ಲಿ ಬಿಟ್ಟರು. ಅದು ಅಲ್ಲಿ ನಿಲ್ಲಲಿಲ್ಲ. ಮಳೆಗಾಲಕ್ಕೆ ತುಂಬಿ ಬೇಸಗೆಗೆ ಬತ್ತುವ ಕೆರೆಗೆ ಒಗ್ಗಿದ ಹುಳು ಅದು, ಬತ್ತದ ಸರೋವರದಲ್ಲಿ ಕೆಸರಿನ ಗಡ್ಡೆ ಅದಕ್ಕೆಲ್ಲಿ ಸಿಗಬೇಕು? ಬೇಸಗೆಯಲ್ಲಿ ಬರಿದಾಗುವ ನಮ್ಮ ಕೆರೆಯೂ ಒಂದು ಜೀವಜಾಲವನ್ನು ಸಾಕುತ್ತದೆ ಎಂಬುದನ್ನು, ಕೆರೆಯೆಂದರೆ ವರ್ಷವಿಡೀ ತುಂಬಿರಬೇಕು ಎನ್ನುವ ಇಂದಿನ ಕೆರೆ ಅಭಿವೃದ್ಧಿಗಾರರು ಈ ಹುಳುವಿನ ಸೋಲಿನಲ್ಲಿ ಓದಬಹುದು.

ಇನ್ನು ನೆಲದ ಮೇಲಿನ ದುಂಬಿ. ಅದು ಹುಟ್ಟಾ ಉತ್ತರ ಅಮೆರಿಕದ್ದು, ಮೆಕ್ಸಿಕೊದ್ದು. ಗೋಧಿಯ ಜೊತೆ ಬಂತೆಂದು ಹೇಳಲಾಗುವ ಪಾರ್ಥೇನಿಯಂ, ಅಂದರೆ ನಮ್ಮ ಕಾಂಗ್ರೆಸ್ ಗಿಡ, 1955ರ ಸುಮಾರಿಗೆ ಪುಣೆಯಲ್ಲಿ ಕಣ್ಣಿಗೆ ಬಿತ್ತು. ಕರ್ನಾಟಕ ಸರ್ಕಾರ 1975ರಲ್ಲಿ ಅದನ್ನು ಅಪಾಯಕಾರಿ ಕಳೆಯೆಂದು ಘೋಷಿಸಿತು. 1983ರಲ್ಲಿ ಮೆಕ್ಸಿಕೊದಿಂದ ತಂದ ಜೈಗೋಗ್ರಾಮಾ ದುಂಬಿಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಮೂರ್ನಾಲ್ಕು ವರ್ಷ ಸದ್ದಿಲ್ಲ. ನಂತರ ಒಂದು ಮಳೆಗಾಲದಲ್ಲಿ ಬೆಂಗಳೂರಿನ ಖಾಲಿ ಸೈಟುಗಳಲ್ಲಿ ಗಿಡಗಳು ಎಲೆಯಿಲ್ಲದೆ ಬೋಳಾಗಿ ನಿಂತವು. ಜನ ಬೆರಗಾಗುವಷ್ಟರಲ್ಲಿ 1991ರ ಹೊತ್ತಿಗೆ ಇನ್ನೊಂದು ಸುದ್ದಿ: ದುಂಬಿ ಸೂರ್ಯಕಾಂತಿಯ ಎಲೆಯನ್ನೂ ತಿನ್ನುತ್ತಿದೆ!

ಸೂರ್ಯಕಾಂತಿ ಬೆಳೆಯುವ ನಾಡಿನಲ್ಲಿ ಇದು ಸಣ್ಣ ಮಾತಾಗಿರಲಿಲ್ಲ. ಕೃಷಿ ವಿಜ್ಞಾನಿಗಳೇ ಎರಡು ಪಕ್ಷವಾದರು. ಬಿಡುಗಡೆ ನಿಂತಿತು, ಸತ್ಯಶೋಧನೆಗೆ ಸಮಿತಿ ಬಂತು. ಸುತ್ತಲ ಪಾರ್ಥೇನಿಯಂನ ಪರಾಗ ಸೂರ್ಯಕಾಂತಿಯ ಎಲೆಗಳ ಮೇಲೆ ಉದುರಿದ್ದು, ಆ ವಾಸನೆಗೆ ದುಂಬಿ ಅಲ್ಲಿ ಬಾಯಿ ಹಾಕಿದೆ, ಆ ಬೆಳೆಯ ಮೇಲೆ ಅದು ಸಂಸಾರ ಹೂಡಲಾರದು ಎಂಬ ವಿವರಣೆ ಜಯಂತ್ ಮತ್ತು ಸಂಗಡಿಗರದು. ಕಾಲಕ್ರಮೇಣ ಆತಂಕ ತಣ್ಣಗಾಗಿ ನಿಷೇಧ ಸಡಿಲವಾಯಿತು. ಅಷ್ಟರೊಳಗೆ ಕಾಗದಪತ್ರದ ಅಪ್ಪಣೆಗೆ ಕಾಯದ ದುಂಬಿ ತನ್ನ ಪಾಡಿಗೆ ಹರಡುತ್ತಿತ್ತು. ಮುಂದೆ ಅದು ಪಾಕಿಸ್ತಾನ, ನೇಪಾಳಕ್ಕೂ ತಾನಾಗಿಯೇ ಹೋಯಿತು. ಆದರೂ ಪಾರ್ಥೇನಿಯಂ ಇದೆ. ದುಂಬಿ ವರ್ಷದ ಒಂದು ಭಾಗವನ್ನು ಮಣ್ಣೊಳಗೆ ಮಲಗಿ ಕಳೆಯುತ್ತದೆ, ಗಿಡ ಮಲಗುವುದಿಲ್ಲ.

ಹಾಗಾದರೆ ಕೆರೆಯ ಮೂತಿ ಹುಳು ಏನಾಯಿತು? ಅದು ಈಗಲೂ ಇದೆ. ಬೆಂಗಳೂರಿನ ಅಂತರಗಂಗೆಯ ಎಲೆಯೊಂದನ್ನು ಬೆಳಕಿಗೆ ಹಿಡಿದರೆ ಆ ದುಂಡು ಕಲೆಗಳು ಕಾಣುತ್ತವೆ. ಬದಲಾದದ್ದು ಕೆರೆ. 1980ರ ದಶಕದ ನಂತರ ಬೆಂಗಳೂರು ಬೆಳೆದ ವೇಗಕ್ಕೆ ಒಳಚರಂಡಿ ಬೆಳೆಯಲಿಲ್ಲ, ಮನೆಗಳ ಕೊಳಚೆ ಕೆರೆಗಳ ಪಾಲಾಯಿತು. ಕೊಳಚೆಯಲ್ಲಿರುವ ಸಾರಜನಕವೂ ರಂಜಕವೂ ಅಂತರಗಂಗೆಗೆ ಗೊಬ್ಬರ. ಹುಳು ಒಂದು ಎಲೆ ಕೆರೆಯುವುದರೊಳಗೆ ಗಿಡ ಎರಡು ಎಲೆ ಬಿಡುತ್ತದೆ. ಕೊಳಚೆ, ಕಳೆ ತುಂಬಿದ್ದ ಬೆಳ್ಳಂದೂರು ಕೆರೆ 2015, 2017, 2018ರಲ್ಲಿ ಹೊತ್ತಿ ಉರಿಯಿತು. 2018ರ ಜನವರಿಯಲ್ಲಿ ಬೆಂಕಿ ಆರಿಸಲು ಸೈನಿಕರನ್ನೇ ಕರೆಸಬೇಕಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ರಾಜ್ಯ ಸರ್ಕಾರಕ್ಕೆ 50 ಕೋಟಿ, ಬಿಬಿಎಂಪಿಗೆ 25 ಕೋಟಿ ರೂಪಾಯಿ ದಂಡ ಹಾಕಿತು. ಕೆರೆಗಳಿಗೆ ಕಳೆ ಕೊಯ್ಯುವ ಯಂತ್ರಗಳು ಬಂದವು. ಯಂತ್ರ ಗಿಡವನ್ನು ಎತ್ತಿ ದಡಕ್ಕೆ ಹಾಕುತ್ತದೆ, ಗಿಡದೊಳಗಿನ ಮರಿಹುಳುವೂ ಬೇರಿನೊಳಗಿನ ಕೋಶವೂ ಅದರ ಜೊತೆ ಒಣಗುತ್ತವೆ. ನೀರಲ್ಲಿ ಉಳಿದ ತುಂಡು ಗಿಡಗಳು ಹುಳುವಿನ ಕಾಟವಿಲ್ಲದೆ ಮತ್ತೆ ಹಬ್ಬುತ್ತವೆ. ಹುಳುವಿಗೆ ಮೂರು ವರ್ಷ ಬೇಕು, ಸರ್ಕಾರಿ ಬಜೆಟ್ಟು ಪ್ರತಿ ಮಾರ್ಚ್ 31ಕ್ಕೆ ಮುಗಿಯುತ್ತದೆ. ಈ ಎರಡು ಪಂಚಾಂಗಗಳು ಎಲ್ಲೂ ಕೂಡುವುದಿಲ್ಲ.

ಪೂರ್ವ ಆಫ್ರಿಕಾದ ವಿಕ್ಟೋರಿಯಾ ಸರೋವರದಲ್ಲೂ ಈ ಪಾಠ ನಡೆದಿದೆ. 1995ರಲ್ಲಿ ಉಗಾಂಡಾ, 1997ರಲ್ಲಿ ಕೀನ್ಯಾ ಇವೇ ಎರಡು ಹುಳುಗಳನ್ನು ಬಿಟ್ಟವು. ಉತ್ತುಂಗದಲ್ಲಿ 20 ಸಾವಿರ ಹೆಕ್ಟೇರಿನಷ್ಟು ಹರಡಿದ್ದ ಕಳೆ ಆ ದಶಕ ಮುಗಿಯುವಷ್ಟರಲ್ಲಿ ಕುಸಿಯಿತು. ಹುಳು ಗೆದ್ದಿತು ಎಂದರು ಕೆಲವರು. 1997-98ರ ಎಲ್ ನಿನ್ಯೊ ಮಳೆ, ಮೋಡದ ದಿನಗಳು, ಅಲೆಗಳ ಹೊಡೆತವೂ ಕಾರಣ ಎಂದರು ಇನ್ನು ಕೆಲವರು. ಇಬ್ಬರೂ ಭಾಗಶಃ ಸರಿಯಿರಬೇಕು. ದಂಡೆಯ ಊರುಗಳ ಕೊಳಚೆ ನಿಲ್ಲದ ಕಾರಣ ಕೀನ್ಯಾದ ಕೊಲ್ಲಿಯಲ್ಲಿ ಕಳೆ ಮತ್ತೆ ಮತ್ತೆ ತಲೆಯೆತ್ತುತ್ತಿದೆ.

ಗೋದಾವರಿಯದೂ ಇದೇ ಕಥೆಯ ಇನ್ನೊಂದು ಅಧ್ಯಾಯ. ಕವಿರಾಜಮಾರ್ಗದ ಕಾಲಕ್ಕೆ ಕನ್ನಡನಾಡಿನ ಉತ್ತರದ ಗಡಿಯಾಗಿದ್ದ ನದಿ ಇದು. ನಾಶಿಕದಲ್ಲಿ ಮಳೆ ನಿಂತು ಹರಿವು ಇಳಿದರೆ ಕೆಳಗಿನ ಪಾತ್ರವೆಲ್ಲ ಹಸಿರು ಹೊದೆಯುತ್ತದೆ. ಅಲ್ಲಿಯವರು ಪಾಣವೇಲಿ ಎನ್ನುತ್ತಾರೆ, ಪತ್ರಿಕೆಯ ಮರಾಠಿಯಲ್ಲಿ ಜಲಪರ್ಣಿ. ಪಾಲಿಕೆ ಯಂತ್ರ ಇಳಿಸುತ್ತದೆ, ಕಳೆ ಎತ್ತಿಸುತ್ತದೆ, ಮುಂದಿನ ವರ್ಷ ಮತ್ತೆ ಇಳಿಸುತ್ತದೆ. ನಿಫಾಡ ತಾಲ್ಲೂಕಿನಲ್ಲಿ ಗೋದಾವರಿ-ಕಾದವಾ ಸಂಗಮಕ್ಕೆ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಟ್ಟಿದ ಅಡ್ಡಗಟ್ಟೆಯ ಹಿಂದೆ ನಾಂದೂರ ಮಧ್ಯಮೇಶ್ವರದ ಪಕ್ಷಿಧಾಮವಿದೆ. 2020ರಲ್ಲಿ ಅದು ಮಹಾರಾಷ್ಟ್ರದ ಮೊದಲ ರಾಮ್ಸರ್ ತಾಣ (ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ) ಎಂದು ಘೋಷಣೆಯಾದಾಗ, ಊರಿನವರನ್ನು ಸೇರಿಸಿಕೊಂಡು ಅಂತರಗಂಗೆ ತೆಗೆಸಿದ್ದನ್ನು ವರದಿಯಲ್ಲಿ ಹೇಳಬೇಕಾಯಿತು. ಅದರ ಕೆಳಗೆ ನಾಥಸಾಗರ, ಅಂದರೆ ಜಾಯಕವಾಡಿ ಜಲಾಶಯ. 1965ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಅಡಿಗಲ್ಲು ಹಾಕಿ, 1976ರಲ್ಲಿ ಇಂದಿರಾ ಗಾಂಧಿ ಉದ್ಘಾಟಿಸಿದ್ದು. ಜಲಾಶಯದ ಬಳಿಯ, ಸಂತ ಏಕನಾಥರ ಪೈಠಣದಿಂದ ಛತ್ರಪತಿ ಸಂಭಾಜಿನಗರಕ್ಕೆ ಹೋಗುವ ದಾರಿಯಲ್ಲಿ ಬಿಡಕಿನ್ ಊರು. ಈಗ ಅಲ್ಲಿ ದೊಡ್ಡ ಕೈಗಾರಿಕಾ ವಸಾಹತು ಏಳುತ್ತಿದೆ. ಸಂಭಾಜಿನಗರ ಕುಡಿಯುವುದು ಇದೇ ಜಲಾಶಯದ ನೀರನ್ನು. ಮೇಲೆ ನಾಶಿಕ ತನ್ನ ಕೊಳಚೆಯನ್ನು ಹೇಗೆ ನಿಭಾಯಿಸುತ್ತದೆ ಎಂಬುದು ಬಿಡಕಿನ್‌ನವರಿಗೂ ಸಂಬಂಧಿಸಿದ ವಿಚಾರ.

ಹರಿಯುವ ನದಿ ಹುಳುವಿಗೆ ಕೆರೆಗಿಂತ ಕಷ್ಟದ ಮನೆ. ಮಳೆಗಾಲದ ಪ್ರವಾಹ ಗಿಡವನ್ನೂ ಹುಳುವನ್ನೂ ಒಟ್ಟಿಗೆ ಕೊಚ್ಚಿಕೊಂಡು ಹೋಗುತ್ತದೆ. ನೀರಿಳಿದ ಮೇಲೆ ಗಿಡದ ಬೀಜ ಕೆಸರಿನಿಂದ ಬೇಗ ಏಳುತ್ತದೆ, ಹುಳುವಿನ ಸಂಖ್ಯೆ ಏಳಲು ತಿಂಗಳುಗಳು ಬೇಕು. ಆದ್ದರಿಂದ ಹುಳು ಬಿಟ್ಟು ಕೈತೊಳೆದುಕೊಳ್ಳುವಂತಿಲ್ಲ. ಅದು ಕೆಲಸ ಮಾಡಬೇಕಾದರೆ ಮೂರು ಸಂಗತಿಗಳು ಕೂಡಿದರೆ ಒಳ್ಳೆಯದು: ಕೊಳಚೆಯ ಒಳಹರಿವಿಗೆ ಕಡಿವಾಣ, ಯಂತ್ರ ಮುಟ್ಟದೆ ಹುಳುವಿಗೆಂದು ಬಿಟ್ಟ ಒಂದು ಅಂಚು, ಮತ್ತು ಹಲವು ಸಲ ಮರುಬಿಡುಗಡೆ.

ಮಧ್ಯಪ್ರದೇಶದ ಕಟನಿ ಜಿಲ್ಲೆಯ ಒಂದು ಹಳ್ಳಿಯ ಕೆರೆಯಲ್ಲಿ ಇತ್ತೀಚೆಗೆ ಇದರ ಒಂದು ರೂಪ ನಡೆಯಿತು. ಕಳೆ ಸಾಲ್ವೀನಿಯಾ, ಅಲ್ಲಿಯವರ ಬಾಯಲ್ಲಿ ಚೈನೀಸ್ ಝಾಲರ್. ಬೆಸ್ತರ ಬಲೆ ನೀರಿಗಿಳಿಯದಂತಾಗಿತ್ತು. ಜಬಲ್‌ಪುರದ ಕಳೆ ಸಂಶೋಧನಾ ನಿರ್ದೇಶನಾಲಯದ ಸುಶೀಲ್ ಕುಮಾರ್ ಮತ್ತು ಸಂಗಡಿಗರು ಕೇರಳದಿಂದ ತಂದು ಸಾಕಿದ ಮೂತಿ ಹುಳುಗಳನ್ನು 2019ರ ಕೊನೆಯಲ್ಲಿ ಅಲ್ಲಿ ಬಿಟ್ಟರು. ಕೋವಿಡ್ ಲಾಕ್‌ಡೌನಿನ ತಿಂಗಳುಗಳಲ್ಲೂ ಹುಳುಗಳು ರಜೆ ತೆಗೆದುಕೊಳ್ಳಲಿಲ್ಲ. ಸುಮಾರು ಒಂದೂವರೆ ವರ್ಷಕ್ಕೆ ಕೆರೆಯಲ್ಲಿ ನೀರು ಕಂಡಿತು, ಬಲೆ ಮತ್ತೆ ಇಳಿಯಿತು. 1980ರ ದಶಕದಲ್ಲಿ ಬೆಂಗಳೂರಿನ ನೈದಿಲೆ ಕೊಳದಿಂದ ತ್ರಿಶ್ಶೂರಿಗೆ ಹೋಗಿದ್ದ ಜಾತಿಯೇ ಅದು. ಕಟನಿಯ ನಂತರ ಅದನ್ನು ಬೇತೂಲ್ ಜಿಲ್ಲೆಯ ಸಾರ್ನಿಯಲ್ಲಿ, ಉಷ್ಣವಿದ್ಯುತ್ ಸ್ಥಾವರಕ್ಕೆ ನೀರು ಕೊಡುವ ದೊಡ್ಡ ಜಲಾಶಯಕ್ಕೂ ಬಿಟ್ಟರು.